ನನ್ನ ಮಗಳ ತಲೆ ಕೆಡಿಸಿದ್ದು ಯಾರು?

ಯಾರೂ ಅಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಕನ್ನಡ ಕೂಟದ ಊಟದ ಸಾಲಿನಲ್ಲಿ, ಕೈಯಲ್ಲಿ ತಟ್ಟೆ ಹಿಡಿದು, ಹಿಂದಿನವರು ತಳ್ಳುತ್ತಿರುವಾಗ ಇದನ್ನೇ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಾವು ದಾವಣಗೆರೆ ಕಡೆಯವರು. ಓಹಾಯೋಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಮಗಳು ಇಲ್ಲೇ ಹುಟ್ಟಿದವಳು, ಈಗ ಕಾಲೇಜಿನ ಎರಡನೇ ವರ್ಷ. ಅಲ್ಲಿನ ಕನ್ಸರ್ವೇಟಿವ್, ಅಂದರೆ ರಿಪಬ್ಲಿಕನ್ ಪಕ್ಷದ ಕಡೆ ಒಲಿದ ಬಲಪಂಥದ ವಿದ್ಯಾರ್ಥಿಗಳ ಕ್ಲಬ್ಬಿಗೆ ಖಜಾಂಚಿ. ನಾನು ಡೆಮಾಕ್ರಾಟರಿಗೆ ಹಾಕುವವಳು. 2024ರ ನವೆಂಬರಿನಲ್ಲಿ ಇಬ್ಬರೂ ಒಂದೇ ಕಾರಿನಲ್ಲಿ ಹೋಗಿ ವೋಟು ಹಾಕಿ ಬಂದೆವು. ಅವಳ ವೋಟು ನನ್ನದನ್ನು ಹೊಡೆದು ಹಾಕಿತು. ‘ಪೆಟ್ರೋಲ್ ದಂಡ’ ಅಂತ ನನ್ನ ಗಂಡ ನಕ್ಕರು.

ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ, ‘ಕೆಡಿಸಿದ್ದು’ ಅನ್ನುವ ಮಾತಿಗೆ. ಇದೇ ಹುಡುಗಿ ಮೆಡಿಕಲ್ ಸೇರಿದ್ದರೆ ‘ಎಷ್ಟು ಜಾಣೆ’ ಅನ್ನುತ್ತಿದ್ದಿರಿ. ಆಗ ಬುದ್ಧಿ ಅವಳದ್ದು. ನಿಮಗೆ ಹಿಡಿಸದ ಕ್ಲಬ್ ಸೇರಿದರೆ ಮಾತ್ರ ಬುದ್ಧಿ ಬೇರೆ ಯಾರದ್ದೋ. ಹಾಲಿಗೆ ಯಾರೋ ಹುಳಿ ಹಿಂಡಿದ ಹಾಗೆ.

ಊರಲ್ಲಿ ಪ್ರಶ್ನೆ ಬೇರೆ ಥರ ಬರುತ್ತದೆ. ನಮ್ಮ ಅತ್ತೆಗೆ ‘ಮೊಮ್ಮಗಳು ಕನ್ಸರ್ವೇಟಿವ್ ಅಂತೆ’ ಅಂತ ಯಾರೋ ಹೇಳಿದ್ದಾರೆ. ಅವರಿಗೆ ಖುಷಿಯೋ ಖುಷಿ. ಫೋನ್ ಮಾಡಿ, ‘ದಿನಾ ದೀಪ ಹಚ್ತಾಳೇನಮ್ಮಾ?’ ಅಂದರು. ಇಲ್ಲ ಅತ್ತೆ, ಬಂದೂಕು ಇಟ್ಟುಕೊಳ್ಳುವ ಹಕ್ಕು ಬೇಕು, ತೆರಿಗೆ ಕಡಿಮೆ ಆಗಬೇಕು ಅಂತಾಳೆ ಅಂದೆ. ಸ್ವಲ್ಪ ಹೊತ್ತು ಆ ಕಡೆ ಸದ್ದೇ ಇಲ್ಲ. ‘ತೆರಿಗೆ ಕಡಿಮೆ ಆದ್ರೆ ಒಳ್ಳೇದೇ ಅಲ್ವಾ’ ಅಂದರು.

ಭಾವನವರದು ಇನ್ನೊಂದು. ‘ಅದು ನಮ್ಮ ಎಬಿವಿಪಿ ಇದ್ದ ಹಾಗೇನಾ?’ ಅಲ್ಲ ಭಾವ. ಎಬಿವಿಪಿ 1949ರಿಂದ ಇರುವ ಒಂದೇ ಸಂಘಟನೆ, ಊರೂರಿಗೆ ಶಾಖೆ. ಇಲ್ಲಿ ಒಂದೇ ಕಾಲೇಜಿನಲ್ಲಿ ಮೂರು ನಾಲ್ಕು ಕನ್ಸರ್ವೇಟಿವ್ ಕ್ಲಬ್ ಇರುತ್ತವೆ. ಒಂದಕ್ಕೊಂದು ಆಗಿಬರುವುದಿಲ್ಲ. ಇವರು ಕ್ಲಾಸ್ ಬಂದ್ ಮಾಡಿಸುವುದಿಲ್ಲ. ಓಡಾಡುವ ದಾರಿಯಲ್ಲಿ ಮೇಜು ಹಾಕುತ್ತಾರೆ, ಸ್ಟಿಕರ್ ಹಂಚುತ್ತಾರೆ, ಬಂದವರ ಹತ್ತಿರ ವಾದಕ್ಕೆ ನಿಲ್ಲುತ್ತಾರೆ.

ಸ್ಟಿಕರ್ರಿಗೆ ದುಡ್ಡು ಎಲ್ಲಿಂದ ಅಂದರೆ, ಹೌದು, ಹೊರಗಿಂದ ಬರುತ್ತದೆ. ಅದನ್ನು ಮುಚ್ಚಿಡುವುದಿಲ್ಲ. ದೊಡ್ಡ ದಾನಿಗಳು, ಪೋಸ್ಟರು ಕಳಿಸುವವರು, ಭಾಷಣಕಾರರನ್ನು ಕಳಿಸುವವರು, ಎಲ್ಲ ಇದ್ದಾರೆ. ಇದು ನಿನ್ನೆ ಮೊನ್ನೆಯದೂ ಅಲ್ಲ. 1960ರ ಸೆಪ್ಟೆಂಬರಿನಲ್ಲಿ ಕನೆಕ್ಟಿಕಟ್‌ನ ಶಾರನ್ ಎಂಬ ಊರಲ್ಲಿ, ಕನ್ಸರ್ವೇಟಿವ್ ಲೇಖಕ ವಿಲಿಯಂ ಬಕ್ಲಿ ಅವರ ಮನೆಯಲ್ಲಿ ಸುಮಾರು ತೊಂಬತ್ತು ಜನ ಹುಡುಗರು ಸೇರಿ ‘ಯಂಗ್ ಅಮೆರಿಕನ್ಸ್ ಫಾರ್ ಫ್ರೀಡಂ’ ಶುರು ಮಾಡಿದರು. ಒಂದೂವರೆ ವರ್ಷದಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ದೊಡ್ಡ ಸಭಾಂಗಣ ತುಂಬಿಸಿದರು. ಅರವತ್ತರ ದಶಕ ಅಂದರೆ ಉದ್ದ ಕೂದಲು, ಗಿಟಾರು ಅಂತಷ್ಟೇ ನಾವು ತಿಳಿದಿದ್ದೇವೆ. ಟೈ ಕಟ್ಟಿಕೊಂಡವರೂ ಇದ್ದರು. 1979ರಲ್ಲಿ ಮಾರ್ಟನ್ ಬ್ಲ್ಯಾಕ್‌ವೆಲ್ ಎಂಬ ಕನ್ಸರ್ವೇಟಿವ್ ಕಾರ್ಯಕರ್ತರು ಇಂಥ ಹುಡುಗರಿಗೆ ತರಬೇತಿ ಕೊಡಲೆಂದೇ ಲೀಡರ್‌ಶಿಪ್ ಇನ್‌ಸ್ಟಿಟ್ಯೂಟ್ ಕಟ್ಟಿದರು. 2012ರಲ್ಲಿ ಚಾರ್ಲಿ ಕರ್ಕ್ ಹದಿನೆಂಟನೇ ವಯಸ್ಸಿಗೆ ಟರ್ನಿಂಗ್ ಪಾಯಿಂಟ್ ಯುಎಸ್‌ಎ ಎಂಬ ಕನ್ಸರ್ವೇಟಿವ್ ವಿದ್ಯಾರ್ಥಿ ಸಂಘಟನೆ ಶುರು ಮಾಡಿದ. ಅವನು ಡಿಗ್ರಿ ಮುಗಿಸಲೇ ಇಲ್ಲ. ನಮ್ಮ ಕೂಟದವರಿಗೆ ಅವನ ರಾಜಕೀಯಕ್ಕಿಂತ ಇದೇ ಜಾಸ್ತಿ ನುಂಗಲಾರದ ವಿಷಯ.

ಆದರೆ ನನ್ನ ಮಗಳು ಸ್ಟಿಕರ್ ನೋಡಿ ಹೋದವಳಲ್ಲ. ಹೈಸ್ಕೂಲಿನಲ್ಲಿ ಒಂದು ದಿನ ಬಂದೂಕು ಕಾನೂನಿನ ಮೇಲೆ ಚರ್ಚೆ ಇಟ್ಟರು. ಒಂದು ಕಡೆಗೆ ಹದಿನಾಲ್ಕು ಜನ ಕೈ ಎತ್ತಿದರಂತೆ. ಇನ್ನೊಂದು ಕಡೆಗೆ ಯಾರೂ ಇಲ್ಲ. ಇವಳು ಸುಮ್ನೆ ಎದ್ದು ನಿಂತಳು. ‘ಜಾಗ ಖಾಲಿ ಇತ್ತು ಅಮ್ಮಾ’ ಅಂದಳು ಸಂಜೆ. ಎರಡು ವಾರ ಓದಿದಳು. ಗೆದ್ದಳು. ಅಲ್ಲಿಗೆ ಮುಗಿಯಿತು. ಎಲ್ಲರೂ ಎಡಕ್ಕೆ ಹೋಗುವ ಬೀದಿಯಲ್ಲಿ ಬಲಕ್ಕೆ ತಿರುಗುವುದರಲ್ಲಿ ಒಂದು ಮಜಾ ಇರುತ್ತದೆ. ಹದಿನಾರರ ವಯಸ್ಸಿನಲ್ಲಿ ನಾನೂ ಮನೆಯವರಿಗೆ ಬೇಡವಾದದ್ದನ್ನೇ ಹುಡುಕಿಕೊಂಡು ಮಾಡಿದವಳು. ಅದು ಈಗ ಬೇಡ.

ಆಮೇಲೆ ಸ್ಕೂಲಿನಲ್ಲಿ ಕ್ಲಬ್ ಕಟ್ಟಿದಳು. ಪ್ರಿನ್ಸಿಪಾಲರು ಬೇಡ ಅನ್ನಬಹುದಿತ್ತಲ್ಲ ಅಂತ ಒಬ್ಬರು ಕೇಳಿದರು. ಅನ್ನುವಂತಿಲ್ಲ. 1984ರ ಒಂದು ಕಾನೂನಿದೆ, ಈಕ್ವಲ್ ಆ್ಯಕ್ಸೆಸ್ ಆ್ಯಕ್ಟ್. ಸರ್ಕಾರಿ ಹೈಸ್ಕೂಲು ಪಾಠಕ್ಕೆ ಸಂಬಂಧವಿಲ್ಲದ ಒಂದು ಕ್ಲಬ್ಬಿಗೆ ಜಾಗ ಕೊಟ್ಟರೆ, ಮಾತು ಇಷ್ಟವಿಲ್ಲ ಅಂತ ಇನ್ನೊಂದಕ್ಕೆ ಇಲ್ಲ ಅನ್ನುವ ಹಾಗಿಲ್ಲ. ಬೈಬಲ್ ಓದುವ ಮಕ್ಕಳಿಗೆ ಜಾಗ ಸಿಗಲಿ ಅಂತ ಚರ್ಚಿನವರು ಒತ್ತಾಯ ಮಾಡಿ ತಂದ ಕಾನೂನು. ಮುಂದೆ ಅದನ್ನೇ ಹಿಡಿದು ಸಲಿಂಗಿ ಮಕ್ಕಳ ಕ್ಲಬ್ಬುಗಳೂ ಜಾಗ ಪಡೆದವು. ತಂದವರು ಅಂದುಕೊಂಡಿದ್ದೇ ಬೇರೆ. ಇದನ್ನು ಹೇಳಿಕೊಟ್ಟದ್ದೂ ಮಗಳೇ.

ಈಗ ಕೇಕ್ ಮಾರಾಟಕ್ಕೆ ಬರೋಣ, ಅಂದರೆ ಮೇಜು ಹಾಕಿ, ಜನಾಂಗಕ್ಕೊಂದು ಬೆಲೆ ಬರೆದು ಕೇಕ್ ಮಾರುವುದು. ಇದು ಇವರ ಹಳೇ ತಮಾಷೆ. 2011ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ಯೂನಿವರ್ಸಿಟಿಯ ಕಾಲೇಜ್ ರಿಪಬ್ಲಿಕನ್ನರು ಜನಾಂಗ ನೋಡಿ ಬೆಲೆ ಹಾಕಿದರು. ಅದೇ ಕೇಕು ಬಿಳಿಯರಿಗೆ 2 ಡಾಲರ್, ಏಷ್ಯನ್ನರಿಗೆ ಒಂದೂವರೆ, ಲ್ಯಾಟಿನೋಗಳಿಗೆ 1, ಕರಿಯರಿಗೆ 75 ಸೆಂಟ್, ಮೂಲನಿವಾಸಿಗಳಿಗೆ 25 ಸೆಂಟ್. ಹೆಂಗಸರಿಗೆ ಇನ್ನೂ 25 ಸೆಂಟ್ ಕಡಿತ. ಕಾಲೇಜು ಪ್ರವೇಶದಲ್ಲಿ ಜನಾಂಗ ನೋಡಿ ಆದ್ಯತೆ ಕೊಡುವುದನ್ನು ಅಣಕಿಸುವುದು ಉದ್ದೇಶ. ಮಗಳು ಇದನ್ನು ನನಗೆ ಹೇಳಿದಾಗ ನಾನು ಲೆಕ್ಕ ಹಾಕಿದೆ. ‘ಹಾಗಾದ್ರೆ ನನಗೆ ಒಂದೂಕಾಲು ಡಾಲರ್. ಆದ್ರೆ ನಾನು ಈ ದೇಶಕ್ಕೆ ಬಂದ ವರ್ಷ ನನ್ನ ಇಂಗ್ಲಿಷ್ ಕೇಳಿ ಎಷ್ಟು ಕಡಿತ ಕೊಡ್ತಿದ್ರು?’ ಅವಳು ನಗಲಿಲ್ಲ. ನನಗೂ ಆ ಮೇಜು ಇಷ್ಟವಿಲ್ಲ. ಬಡವರ ಮಕ್ಕಳ ಕಷ್ಟವನ್ನು ಬೆಲೆಪಟ್ಟಿ ಮಾಡಿ ನೇತುಹಾಕುವುದು ನನಗೆ ತಮಾಷೆ ಅನ್ನಿಸುವುದಿಲ್ಲ.

ಆದರೆ ತಲೆ ಕೆಡಿಸಿದ್ದು ಯಾರು ಅಂತ ಕೇಳುವವರೇ, 2023ರ ಜೂನ್ 29 ನೆನಪಿದೆಯಾ? ಹಾರ್ವರ್ಡ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಪ್ರವೇಶದಲ್ಲಿ ಜನಾಂಗ ನೋಡಬೇಡಿ ಅಂದ ದಿನ. ಕೂಟದ ವಾಟ್ಸಾಪಿನಲ್ಲಿ ಲಡ್ಡುವಿನ ಚಿತ್ರ ಹಾಕಿದವರು ಯಾರು? ‘ಇನ್ನು ನಮ್ಮ ಮಕ್ಕಳಿಗೆ ದಾರಿ ಸಲೀಸು’ ಅಂತ ಬರೆದವರು ಯಾರು? ನನ್ನ ಮಗಳು ಮೇಜು ಹಾಕಿ ಹೇಳಿದ್ದನ್ನೇ ನೀವು ಲಡ್ಡು ಹಾಕಿ ಹೇಳಿದಿರಿ. ವ್ಯತ್ಯಾಸ ಏನೆಂದರೆ ಅವಳು ಹೆಸರು ಹಾಕಿಕೊಂಡು ಹೇಳಿದಳು.

ಅವಳನ್ನು ನಾನು ಪೂರ್ತಿ ಬಿಟ್ಟುಕೊಡುತ್ತೇನೆ ಅಂದುಕೊಳ್ಳಬೇಡಿ, ಪೂರ್ತಿ ಒಪ್ಪುತ್ತೇನೆ ಅಂತಲೂ ಅಲ್ಲ. 2025ರ ಸೆಪ್ಟೆಂಬರ್ ಮೊದಲ ವಾರ ನಮ್ಮಿಬ್ಬರಿಗೆ ಜೋರು ಜಗಳವಾಯಿತು. ಅಮೆರಿಕಕ್ಕೆ ಇಂಡಿಯಾದವರ ವೀಸಾ ಇನ್ನು ಸಾಕು ಅಂತ ಚಾರ್ಲಿ ಕರ್ಕ್ ಬರೆದಿದ್ದ. ‘ನಿಮ್ಮಪ್ಪ ಬಂದದ್ದೇ ಆ ವೀಸಾದಲ್ಲಿ’ ಅಂದೆ. ‘ಗೊತ್ತು. ಅವನ ಜೊತೆಗೂ ನಂದು ಜಗಳ ಇದೆ’ ಅಂದಳು. ಫೋನ್ ಇಟ್ಟಳು.

ಸೆಪ್ಟೆಂಬರ್ 10. ಆಫೀಸಿನಲ್ಲಿದ್ದೆ. ಮಧ್ಯಾಹ್ನ ಎರಡೂವರೆ ದಾಟಿದ ಮೇಲೆ ಸುದ್ದಿ ಬಂತು. ಯೂಟಾ ವ್ಯಾಲಿ ಯೂನಿವರ್ಸಿಟಿಯಲ್ಲಿ, ಹುಡುಗರ ಪ್ರಶ್ನೆಗೆ ಉತ್ತರ ಕೊಡುತ್ತ ಕೂತಿದ್ದ ಚಾರ್ಲಿ ಕರ್ಕ್‌ನ ಕುತ್ತಿಗೆಗೆ ಗುಂಡು. ಮೂವತ್ತೊಂದು ವರ್ಷ ಅವನಿಗೆ. ಯೂಟಾ ಎಲ್ಲಿ, ಓಹಾಯೋ ಎಲ್ಲಿ. ಆದರೂ ಮಗಳಿಗೆ ಮೂರು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಕಾರು ಹತ್ತಿದೆ.

ನಾನು ತಲುಪುವಾಗ ಐದು ದಾಟಿತ್ತು. ಅವನು ಸತ್ತ ಸುದ್ದಿ ಬಂದಾಗಿತ್ತು. ಕ್ಯಾಂಪಸ್ಸಿನ ಹುಲ್ಲಿನ ಮೇಲೆ ಒಂಬತ್ತು ಜನ ಹುಡುಗರು, ನಾಲ್ಕಾರು ರಟ್ಟಿನ ಪೆಟ್ಟಿಗೆ, ದೂರದಲ್ಲಿ ಒಂದು ಪೊಲೀಸ್ ಕಾರು. ಮಗಳು ನನ್ನನ್ನು ನೋಡಿ ಮೊದಲು ಆಡಿದ ಮಾತು, ‘ಅಮ್ಮಾ, ಕಾರಲ್ಲಿ ಸ್ಕ್ರೂಡ್ರೈವರ್ ಇದೆಯಾ?’

ಪ್ರತಿ ವರ್ಷ ಸೆಪ್ಟೆಂಬರ್ 11ಕ್ಕೆ ಇಂಥ ಕ್ಲಬ್ಬಿನವರು 2,977 ಪುಟ್ಟ ಬಾವುಟ ನೆಡುತ್ತಾರೆ. 2001ರ ಭಯೋತ್ಪಾದಕ ದಾಳಿಯಲ್ಲಿ ಸತ್ತವರಿಗೆ ಒಂದೊಂದು. ಮಾಡುವುದಾ ಬಿಡುವುದಾ ಅಂತ ಹುಡುಗರು ಒಂದು ಗಂಟೆ ಕೂತು, ಮಾಡುವುದೇ ಅಂತ ತೀರ್ಮಾನಿಸಿದ್ದರು. ಮಳೆಯಿಲ್ಲದೆ ನೆಲ ಕಲ್ಲಾಗಿತ್ತು. ಕಡ್ಡಿ ಚುಚ್ಚಿದರೆ ಮುರಿಯುತ್ತಿತ್ತು. ಸ್ಕ್ರೂಡ್ರೈವರಿನಲ್ಲಿ ತೂತು ಮಾಡಿ ಒಂದೊಂದೇ ನೆಟ್ಟೆವು. ಡಜನ್ ಡಜನ್ ಕಟ್ಟು, 248 ಡಜನ್ನಿನ ಮೇಲೆ ಒಂದು. ಹುಡುಗರು ಸಾಲು ಸೊಟ್ಟ ಹಾಕಿಬಿಟ್ಟಿದ್ದರು. ನಾನು ಭದ್ರಾ ನೀರಿನ ಗದ್ದೆಯಲ್ಲಿ ನಾಟಿ ನೋಡಿ ಬೆಳೆದವಳು. ಡಿಕ್ಕಿಯಿಂದ ಬಟ್ಟೆ ಹಗ್ಗ ತಂದು, ಆಚೆ ಈಚೆ ಇಬ್ಬರನ್ನು ನಿಲ್ಲಿಸಿ ಎಳೆದು ಕಟ್ಟಿಸಿದೆ. ಸಾಲು ನೆಟ್ಟಗಾಯಿತು. ಹಿಂದೆ ಹೆಜ್ಜೆ ಹಾಕುತ್ತ ನೆಡಬೇಕು, ಮುಂದೆ ಹೋದರೆ ನೆಟ್ಟದ್ದನ್ನೇ ತುಳಿಯುತ್ತೀರಿ ಅಂತ ಬೈದೆ. ಒಬ್ಬ ಹುಡುಗ ಅಳುತ್ತಲೇ ‘ಯೆಸ್ ಮ್ಯಾಮ್’ ಅಂದ.

ಅಷ್ಟರಲ್ಲಿ ನನ್ನ ಫೋನಿಗೆ ಹನ್ನೊಂದು ಮೆಸೇಜು. ‘ಈಗಲಾದ್ರೂ ಬಿಡಿಸಿ.’ ‘ವೀಸಾ ಬೇಡ ಅಂದವನು ಇವನೇ ಅಲ್ವಾ?’ ಒಬ್ಬರಂತೂ ಗುಂಡು ಬಿದ್ದ ವಿಡಿಯೋನೇ ಕಳಿಸಿದ್ದರು. ಎಂಟೂವರೆಗೆ, ಅಂದರೆ ಊರಲ್ಲಿ ಬೆಳಿಗ್ಗೆ ಆರಕ್ಕೆ, ಅತ್ತೆ ಫೋನ್ ಮಾಡಿದರು. ಟಿವಿ ನೋಡಿದ್ದರು.

‘ಊಟ ಮಾಡಿದಳಾ?’

ಇಡೀ ದಿನದಲ್ಲಿ ಅವಳ ಬಗ್ಗೆ ಕೇಳಿದ್ದು ಅವರೊಬ್ಬರೇ. ಇಲ್ಲ ಅತ್ತೆ, ಈಗ ಮಾಡಿಸ್ತೀನಿ ಅಂದೆ. ಮಾಡಿಸಿದೆ. ಚಿತ್ರಾನ್ನ ಒಯ್ದಿದ್ದೆ, ಒಂಬತ್ತು ಜನರಿಗೂ ಸ್ವಲ್ಪ ಸ್ವಲ್ಪ ಬಂತು.

ನೀವು ಕೇಳದ ಇನ್ನೊಂದು ಪ್ರಶ್ನೆ ಇದೆ. ಅದು ನನಗೆ ರಾತ್ರಿ ನಿದ್ದೆ ಕೊಡುವುದಿಲ್ಲ. ಖಾಲಿ ಇದೆ ಅಂತ ಅವಳು ಹೋಗಿ ನಿಂತ ಜಾಗ ಅವಳಿಗೆ ಉಳಿಯುತ್ತದಾ? ನಮ್ಮ ರಾಜ್ಯದ ಗವರ್ನರ್ ಆಗಲು ಹೊರಟಿದ್ದ ರಿಪಬ್ಲಿಕನ್ ವಿವೇಕ್ ರಾಮಸ್ವಾಮಿ ಅಕ್ಟೋಬರಿನಲ್ಲಿ ಮೊಂಟಾನಾದ ಕಾಲೇಜಿಗೆ ಹೋದರೆ, ಹಿಂದೂ ಆಗಿದ್ದುಕೊಂಡು ಕ್ರೈಸ್ತರೇ ಹೆಚ್ಚಿರುವ ಓಹಾಯೋವನ್ನು ಹೇಗೆ ಪ್ರತಿನಿಧಿಸುತ್ತೀರಿ ಅಂತ ಹುಡುಗರು ಕೇಳಿದರು. ಅಕ್ಟೋಬರ್ 29ಕ್ಕೆ ಮಿಸಿಸಿಪ್ಪಿ ಯೂನಿವರ್ಸಿಟಿಯಲ್ಲಿ ಉಪಾಧ್ಯಕ್ಷ ವಾನ್ಸ್ ಎದುರು ನಮ್ಮ ಕಡೆಯ ಮುಖದ ಒಬ್ಬ ಹುಡುಗಿ ಮೈಕ್ ಹಿಡಿದಳು. ವಲಸೆ ಬಂದವರು ಜಾಸ್ತಿ ಆದರು ಅನ್ನುವ ಲೆಕ್ಕ ಯಾವಾಗ ಹಾಕಿದಿರಿ, ಈ ದೇಶವನ್ನು ಪ್ರೀತಿಸುತ್ತೇನೆ ಅಂತ ತೋರಿಸಲು ನಾನು ಕ್ರೈಸ್ತಳೇ ಆಗಿರಬೇಕಾ ಅಂತ ಕೇಳಿದಳು. ಹಿಂದೂ ಮನೆತನದ ಹೆಂಡತಿ ಉಷಾ ಮುಂದೊಂದು ದಿನ ತನ್ನ ಹಾಗೇ ಚರ್ಚಿಗೆ ಒಲಿದರೆ ಚೆನ್ನ ಅಂತ ವಾನ್ಸ್ ಉತ್ತರದಲ್ಲಿ ಹೇಳಿಕೊಂಡರು.

ಮಗಳು ಆ ವಿಡಿಯೋ ಮೂರು ಸಲ ನೋಡಿದಳು. ನಾನು ಬಾಯಿ ಮುಚ್ಚಿಕೊಂಡು ಈರುಳ್ಳಿ ಹೆಚ್ಚುತ್ತಿದ್ದೆ. ‘ಪ್ರಶ್ನೆ ಚೆನ್ನಾಗಿತ್ತು’ ಅಂದಳು. ಉತ್ತರದ ಬಗ್ಗೆ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಮಾರನೇ ದಿನ ಕ್ಲಬ್ಬಿನ ಮೀಟಿಂಗಿಗೆ ಹೋದಳು. ಮಾಮೂಲಿಗಿಂತ ತಡವಾಗಿ ಬಂದಳು.

ಈ ಶನಿವಾರ ಕೂಟದ ರಾಜ್ಯೋತ್ಸವ. ಅವಳೂ ಬರುತ್ತಾಳೆ. ತಲೆ ಕೆಡಿಸಿದ್ದು ಯಾರು ಅಂತ ಅವಳನ್ನೇ ಕೇಳಿ. ಊಟ ಆದ ಮೇಲೆ ಕೇಳಿ ಮಾತ್ರ. ಮೊದಲೇ ಶುರು ಮಾಡಿದರೆ ಬಿಸಿಬೇಳೆಬಾತ್ ಆರಿಹೋಗುತ್ತದೆ, ಬೇಗ ಬಿಡುವವಳಲ್ಲ. ಲಡ್ಡುವಿನ ಸ್ಕ್ರೀನ್‌ಶಾಟ್ ಅವಳ ಫೋನಿನಲ್ಲೂ ಇದೆ.