ಇಸ್ತಾಂಬುಲ್‌ನ ಕೆಂಪು ಶಾಲೆ: ಗುಡ್ಡ ಹತ್ತುವ ಮುಂಚೆ ತಿಳಿದಿರಲಿ

ಫೆನೆರ್ ಗುಡ್ಡದ ಮೇಲೆ ಕೋಟೆಯ ಹಾಗೆ ಕಾಣುವ ಕೆಂಪು ಕಟ್ಟಡವನ್ನು ತೋರಿಸಿ 'ಅದೇ ಗ್ರೀಕ್ ಧರ್ಮಪೀಠ', ಅಂದರೆ ಆರ್ಥೊಡಾಕ್ಸ್ ಕ್ರೈಸ್ತರ ಪರಮಗುರುವಿನ ಪೀಠ, ಅನ್ನುವ ಗೈಡುಗಳಿದ್ದಾರೆ. ನಂಬಿ ಏದುಸಿರು ಬಿಡುತ್ತಾ ಹತ್ತಿದರೆ ಸಿಗುವುದು ಮುಚ್ಚಿದ ಗೇಟು. ಪೀಠ ಇರುವುದು ಕೆಳಗೆ, ಮುಖ್ಯರಸ್ತೆಯ ಹತ್ತಿರ. ಮೇಲಿರುವುದು ಇವತ್ತಿಗೂ ಮಕ್ಕಳು ಓದುವ ಫೆನೆರ್ ರೂಮ್ ಲಿಸೆಸಿ ಶಾಲೆ. ಪ್ರವಾಸಿಗರಿಗೆ ಟಿಕೆಟ್ ಇಲ್ಲ. 'ಒಳಗೆ ಬಿಡಿಸ್ತೀನಿ' ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಆದರೂ ಹೋಗಲೇಬೇಕು. 1453ರಲ್ಲಿ ನಗರ ಒಟ್ಟೋಮನ್ನರ ಕೈಸೇರಿತು. ಮರುವರ್ಷವೇ ಪೀಠದ ಆಶ್ರಯದಲ್ಲಿ ಈ ಶಾಲೆ ಶುರುವಾಯಿತು. ಮೊದಲ ಮುಖ್ಯಸ್ಥ ಮತ್ತೇಯೊಸ್ ಕಮಾರಿಯೋಟಿಸ್. ಗ್ರೀಕರ ಬಾಯಲ್ಲಿ ಇದು 'ಜನಾಂಗದ ಮಹಾಶಾಲೆ'. ಮುಂದೆ ಮೊಲ್ದಾವಿಯಾ ಆಳಿದ ದಿಮಿತ್ರಿಯೆ ಕಾಂತೆಮಿರ್ ಕಲಿತದ್ದು ಇಲ್ಲೇ. ಈಗಿನ ಕಟ್ಟಡ 1881ರಿಂದ 83ರ ನಡುವಿನದು, ವಾಸ್ತುಶಿಲ್ಪಿ ಕೊನ್‌ಸ್ಟಾಂಟಿನೋಸ್ ದಿಮಾದಿಸ್. ನೆತ್ತಿಯ ಗುಮ್ಮಟ ಖಗೋಳ ಪಾಠಕ್ಕೆಂದು ಕಟ್ಟಿದ್ದು.

1955ರಲ್ಲಿ ಗ್ರೀಕರ ಮೇಲೆ ನಡೆದ ಗಲಭೆ, 1964ರಲ್ಲಿ ಗ್ರೀಸ್ ಪೌರತ್ವದವರ ಗಡೀಪಾರು ಆದ ನಂತರ, ಒಂದು ಕಾಲಕ್ಕೆ ಲಕ್ಷದಷ್ಟಿದ್ದ ಇಲ್ಲಿನ ಗ್ರೀಕರು ಎರಡು ಮೂರು ಸಾವಿರಕ್ಕೆ ಇಳಿದಿದ್ದಾರೆ. ಅಷ್ಟು ದೊಡ್ಡ ಕಟ್ಟಡದಲ್ಲಿ ಮಕ್ಕಳು ನೂರರೊಳಗೆ. ಟರ್ಕಿಷ್ ಭಾಷೆ, ಇತಿಹಾಸ, ಭೂಗೋಳ ಟರ್ಕಿಷ್‌ನಲ್ಲಿ ನಡೆದರೆ ಉಳಿದ ಬಹುಪಾಲು ಪಾಠ ಗ್ರೀಕ್‌ನಲ್ಲಿ. ಮನೆಮಾತು ಮನೆಯೊಳಗೇ ಮುಗಿಯದಿರಲಿ, ಅದರಲ್ಲಿ ಗಣಿತ, ವಿಜ್ಞಾನವೂ ಬರಲಿ ಅನ್ನುವುದೇ ಶಾಲೆಯ ಈಗಿನ ಹೊಣೆ. ಗೇಟಿನ ಹತ್ತಿರ ಮಕ್ಕಳ ಫೋಟೋ ದಯವಿಟ್ಟು ತೆಗೆಯಬೇಡಿ.

ಎಮಿನೋನುವಿನಿಂದ ಟಿ5 ಟ್ರಾಮ್ ಹತ್ತಿ ಫೆನೆರ್‌ನಲ್ಲಿ ಇಳಿಯಿರಿ. ಅಲ್ಲಿಂದ ಶಾಲೆಗೆ ಕಡಿದಾದ ಏರು, ಕಲ್ಲು ಹಾಸಿದ ದಾರಿ. ಮಳೆ ಬಂದರೆ ಜಾರುತ್ತದೆ, ಚಪ್ಪಲಿ ಬೇಡವೇ ಬೇಡ. ಮಂಡಿ ನೋವಿರುವವರು ಟ್ಯಾಕ್ಸಿಯಲ್ಲಿ ಯಾವುಜ್ ಸೆಲಿಮ್ ಮಸೀದಿಗೆ ಹೋಗಿ ಅಲ್ಲಿಂದ ಇಳಿದು ಬರುವುದು ಮೇಲು. ಆ ಬಡಾವಣೆ ಸಂಪ್ರದಾಯಸ್ಥರದು, ಮೈತುಂಬ ಬಟ್ಟೆ ಇರಲಿ. ಹತ್ತಿರ ನಿಂತರೆ ಓಣಿ ಕಿರಿದು, ಕತ್ತೆತ್ತಿದರೂ ಕಟ್ಟಡ ಪೂರ್ತಿ ಕಾಣದು. ಫೋಟೋ ಬೇಕಿದ್ದರೆ ಬೆಳಿಗ್ಗೆ ಗೋಲ್ಡನ್ ಹಾರ್ನ್ ಕೊಲ್ಲಿಯ ನೀರಿನ ಕಡೆಯಿಂದ ತೆಗೆಯಿರಿ. ಮುಂಭಾಗ ಈಶಾನ್ಯಕ್ಕಿದೆ, ಮಧ್ಯಾಹ್ನದ ಮೇಲೆ ನೆರಳು.

ಶಾಲೆಯ ಪಕ್ಕದಲ್ಲೇ 'ಮಂಗೋಲರ ಮರಿಯಾ' ಚರ್ಚ್. ನಗರದಲ್ಲಿ ಒಟ್ಟೋಮನ್ನರಿಗಿಂತ ಮುಂಚಿನ ಬೈಜಾಂಟೈನ್ ಕಾಲದ ಚರ್ಚುಗಳಲ್ಲಿ ಇವತ್ತಿನವರೆಗೂ ಗ್ರೀಕರ ಚರ್ಚಾಗಿಯೇ ಉಳಿದದ್ದು ಇದೊಂದೇ. ಬಾಗಿಲು ಹಾಕಿದ್ದರೆ ಗಂಟೆ ಒತ್ತಿ ಕಾಯಿರಿ. ಕೆಳಗಿನ ಪೀಠದಲ್ಲಿ ನಡುಬಾಗಿಲು ತೆರೆಯುವುದಿಲ್ಲ. 1821ರಲ್ಲಿ ಆಗಿನ ಪೀಠಾಧಿಪತಿ ಐದನೇ ಗ್ರಿಗೋರಿಯೊಸ್ ಅವರನ್ನು ಅಲ್ಲೇ ನೇಣಿಗೇರಿಸಿದ ಮೇಲೆ ಮುಚ್ಚಿದ್ದು. ಪಕ್ಕದ ಬಾಗಿಲಿಂದ ಹೋಗಿ.

ಊಟಕ್ಕೆ ಬಣ್ಣದ ಮೆಟ್ಟಿಲುಗಳ ಸುತ್ತಲಿನ ಕೆಫೆ ಬಿಟ್ಟುಬಿಡಿ; ಅಲ್ಲಿ ದುಡ್ಡು ಕೊಡುವುದು ಫೋಟೋಕ್ಕೆ. ಬದಲಿಗೆ 'ಎಸ್ನಾಫ್ ಲೊಕಾಂತಾಸಿ' ಹುಡುಕಿ, ಅಂದರೆ ಅಂಗಡಿಯವರು, ಕೂಲಿಯವರು ಉಣ್ಣುವ ಖಾನಾವಳಿ. ಗಾಜಿನ ಹಿಂದೆ ತಟ್ಟೆಗಳಲ್ಲಿ ಅಡುಗೆ ಇಟ್ಟಿರುತ್ತಾರೆ, ಬೆರಳು ತೋರಿಸಿದರೆ ಸಾಕು. ಸಸ್ಯಾಹಾರಿಗಳಿಗೆ 'ಝೆಯ್ತಿನ್‌ಯಾಲಿ' ತರಕಾರಿ ಒಳ್ಳೆಯದು: ಆಲಿವ್ ಎಣ್ಣೆಯಲ್ಲಿ ಬೇಯಿಸಿ ಆರಿಸಿದ್ದು, ಹುರುಳಿಕಾಯಿಯದು ತುಂಬಾ ರುಚಿ. ಕೆಂಪು ಮಸೂರ್ ಬೇಳೆಯ 'ಮೆರ್ಜಿಮೆಕ್' ಸೂಪಿಗೆ ನಿಂಬೆ ಹಿಂಡಿ, ಒಣಮೆಣಸಿನ ತರಿ ಉದುರಿಸಿದರೆ ನಮ್ಮ ಬೇಳೆಸಾರಿನ ಹತ್ತಿರ ಬರುತ್ತದೆ. ಆದರೆ ಆರ್ಡರ್ ಮಾಡುವ ಮುಂಚೆ 'ಎತ್ ಸುಯು ವಾರ್ ಮಿ?' ಎಂದು ಕೇಳಿ, ಅಂದರೆ ಮಾಂಸದ ರಸ ಇದೆಯೇ ಎಂದು. ಸೂಪಿಗೆ ಅದನ್ನೇ ಬಳಸುವವರು ಬಹಳ. ಅನ್ನಕ್ಕೆ ಕೋಳಿ ರಸವೂ ಬೀಳುತ್ತದೆ, ಅದಕ್ಕೆ 'ತಾವುಕ್ ಸುಯು' ಎಂದು ಬೇರೆಯಾಗಿ ಕೇಳಬೇಕು.