ರೂಟ್ 66: ಎರಡೇ ದಿನವಿದ್ದರೆ ಸೆಲಿಗ್ಮನ್‌ನಿಂದ ಓಟ್ಮನ್‌ಗೆ ಹೋಗಿ

ರೂಟ್ 66 ಅಮೆರಿಕದ ಹಳೆಯ ಹೆದ್ದಾರಿ. ಶಿಕಾಗೊದಿಂದ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾವರೆಗೆ ಎಂಟು ರಾಜ್ಯಗಳನ್ನು ಹಾದು ಹೋಗುವ ಈ ದಾರಿ ಸುಮಾರು 3,900 ಕಿ.ಮೀ. ಪೂರ್ತಿ ನೋಡಲು ಎರಡು ವಾರವಾದರೂ ಬೇಕು. ನನಗೂ ನನ್ನ ಪತ್ನಿಗೂ ಉಳಿದಿದ್ದದ್ದು ಎರಡು ದಿನ. ಗ್ರ್ಯಾಂಡ್ ಕ್ಯಾನಿಯನ್ ನೋಡಿ ಲಾಸ್ ವೇಗಸ್‌ಗೆ ಹೊರಟವರು ಆ ಎರಡು ದಿನವನ್ನೂ ಅರಿಝೋನಾ ರಾಜ್ಯದ ಸೆಲಿಗ್ಮನ್, ಓಟ್ಮನ್ ಎಂಬ ಪುಟ್ಟ ಊರುಗಳ ನಡುವಿನ ಹಳೆಯ ರಸ್ತೆಗೆ ಕೊಟ್ಟೆವು. ನೀವೂ ಹಾಗೆಯೇ ಮಾಡಿ ಎಂಬುದು ನನ್ನ ಒತ್ತಾಯ.

ಮೊದಲ ಎಚ್ಚರಿಕೆ, ಮೊಬೈಲ್ ನಕ್ಷೆಯನ್ನು ಪೂರ್ತಿ ನಂಬಬೇಡಿ. ಅದು ನಮ್ಮನ್ನು ನೇರವಾಗಿ ಹೊಸ ಹೆದ್ದಾರಿಯಾದ ಇಂಟರ್‌ಸ್ಟೇಟ್ 40ಕ್ಕೆ ಏರಿಸಿತು. ರೂಟ್ 66 ಎಂಬ ಸಂಖ್ಯೆ ರಾಷ್ಟ್ರೀಯ ಹೆದ್ದಾರಿಗಳ ಪಟ್ಟಿಯಿಂದ 1985ರಲ್ಲೇ ಹೋಗಿದೆ. ಈಗ ಉಳಿದಿರುವುದು ಬಿಡಿಬಿಡಿ ತುಂಡುಗಳು. ಫ್ಲಾಗ್‌ಸ್ಟಾಫ್ ಕಡೆಯಿಂದ ಬರುವವರು 139ನೇ ಎಕ್ಸಿಟ್‌ನಲ್ಲಿ ಇಳಿದು ಕ್ರೂಕ್ಟನ್ ರಸ್ತೆ ಹಿಡಿದರೆ ಸೆಲಿಗ್ಮನ್ ತಲುಪುತ್ತೀರಿ. ನಕ್ಷೆಯಲ್ಲಿ ಹೆದ್ದಾರಿ ತಪ್ಪಿಸುವ ಆಯ್ಕೆಯನ್ನು ಒತ್ತಿಟ್ಟುಕೊಳ್ಳಿ.

ಸೆಲಿಗ್ಮನ್‌ನಲ್ಲಿ ಅವಸರ ಮಾಡಬೇಡಿ. 1926ರಲ್ಲಿ ಊರೂರುಗಳ ನಡುವಿನ ರಸ್ತೆಗಳನ್ನೇ ಜೋಡಿಸಿ ಈ ಹೆದ್ದಾರಿ ಮಾಡಿದ್ದರು. ಪೂರ್ತಿ ಡಾಂಬರು, ಕಾಂಕ್ರೀಟು ಕಂಡದ್ದು 1938ರ ಹೊತ್ತಿಗೆ. ಒಕ್ಲಹೋಮಾದ ಧೂಳಿನ ಬಿರುಗಾಳಿಗೆ ಹೊಲ ಕಳೆದುಕೊಂಡ ರೈತರು ಕ್ಯಾಲಿಫೋರ್ನಿಯಾಕ್ಕೆ ಗುಳೆ ಹೋದದ್ದು ಈ ಊರಿನ ಬೀದಿಯಲ್ಲೇ. ದೇಶದುದ್ದಕ್ಕೂ ಇಂಟರ್‌ಸ್ಟೇಟ್ ಹೆದ್ದಾರಿಗಳನ್ನು ಕಟ್ಟುವ 1956ರ ಕಾಯ್ದೆಯ ನಂತರ ಬಂದ ಇಂಟರ್‌ಸ್ಟೇಟ್ 40, 1978ರ ಸೆಪ್ಟೆಂಬರ್ 22ರಂದು ಊರನ್ನು ಬದಿಗೆ ಸರಿಸಿತು. ಅಂದಿನಿಂದ ಕಾರುಗಳು ಇತ್ತ ತಿರುಗುವುದೇ ನಿಂತುಹೋಯಿತು. ಊರಿನ ಕ್ಷೌರಿಕ ಏಂಜೆಲ್ ಡೆಲ್ಗಡಿಯೊ ಸುಮ್ಮನೆ ಕೂರಲಿಲ್ಲ. 1987ರಲ್ಲಿ ಜನರನ್ನು ಸೇರಿಸಿ ಸಂಘ ಕಟ್ಟಿ, ಈ ರಸ್ತೆಯನ್ನು ಐತಿಹಾಸಿಕವೆಂದು ರಾಜ್ಯ ಸರ್ಕಾರ ಘೋಷಿಸುವಂತೆ ಮಾಡಿದರು. ಅವರ ಅಂಗಡಿಯ ಹಳೆಯ ಕ್ಷೌರದ ಕುರ್ಚಿಯ ಮುಂದೆ ನಿಂತಾಗ ನನಗೆ ನಿಜಕ್ಕೂ ಕೈಮುಗಿಯಬೇಕೆನಿಸಿತು.

ಸೆಲಿಗ್ಮನ್‌ನಲ್ಲೇ ಟ್ಯಾಂಕ್ ತುಂಬಿಸಿಕೊಂಡು ಹೊರಡಿ. ಮುಂದಿನ ಸುಮಾರು 140 ಕಿ.ಮೀ. ಹುಲ್ಲುಗಾವಲು, ಪಕ್ಕದಲ್ಲಿ ಸರಕು ರೈಲು, ಅಲ್ಲಲ್ಲಿ ಒಂದೊಂದು ಸಾಲು ಹೊತ್ತು ನಿಂತ ಪ್ರಾಸಬದ್ಧ ಜಾಹೀರಾತಿನ ಪುಟ್ಟ ಫಲಕಗಳು. ನಾನು ಓಡಿಸುತ್ತಿದ್ದರೆ ಪತ್ನಿ ಗಟ್ಟಿಯಾಗಿ ಓದುತ್ತಿದ್ದಳು. ಪ್ರಾಸ ಮುಗಿಯಲು ಐದಾರು ಫಲಕ ದಾಟಬೇಕು. ಪೀಚ್ ಸ್ಪ್ರಿಂಗ್ಸ್ ಹುವಾಲಪೈ ಮೂಲನಿವಾಸಿಗಳ ನೆಲ, ಅಲ್ಲಿ ಜನರ ಫೋಟೊ ತೆಗೆಯುವ ಮುನ್ನ ಕೇಳಿ. ರಾತ್ರಿ ಕಿಂಗ್‌ಮನ್‌ನಲ್ಲಿ ತಂಗಿದೆವು.

ಮರುದಿನದ ದಾರಿಗೆ ಗಟ್ಟಿ ಮನಸ್ಸು ಬೇಕು. ಕಿಂಗ್‌ಮನ್‌ನಲ್ಲಿ ಮತ್ತೆ ಪೆಟ್ರೋಲ್ ಹಾಕಿಸಿ, ತಲೆಗೆ ನಾಲ್ಕು ಲೀಟರ್ ನೀರಿಟ್ಟುಕೊಂಡು ಬೆಳಿಗ್ಗೆಯೇ ಹೊರಡಿ; ಮೊಬೈಲ್ ಸಿಗ್ನಲ್ ಹಲವೆಡೆ ಇರುವುದಿಲ್ಲ. ಸುಮಾರು 3,550 ಅಡಿ ಎತ್ತರದ ಸಿಟ್‌ಗ್ರೀವ್ಸ್ ಪಾಸ್ ಎಂಬ ಘಟ್ಟ ಏರುವಾಗ ತಡೆಗೋಡೆಯಿಲ್ಲದ ಕಡಿದಾದ ತಿರುವುಗಳು ಒಂದರ ಹಿಂದೊಂದು ಬರುತ್ತವೆ. 40 ಅಡಿಗಿಂತ ಉದ್ದದ ವಾಹನಕ್ಕೆ ಇಲ್ಲಿ ಪ್ರವೇಶವಿಲ್ಲ. ಹಿಂದಿನ ಕಾಲದ ಕೆಲವು ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕಿನಿಂದ ಎಂಜಿನ್‌ಗೆ ತಾನಾಗಿಯೇ ಇಳಿದು ಬರಬೇಕಿತ್ತು. ಏರಿನಲ್ಲಿ ಟ್ಯಾಂಕೇ ಕೆಳಗಾಗಿಬಿಡುತ್ತಿದ್ದುದರಿಂದ ಆ ಕಾರುಗಳನ್ನು ಹಿಮ್ಮುಖವಾಗಿ ಹತ್ತಿಸುತ್ತಿದ್ದರು. ಮೂರನೇ ತಿರುವಿನಲ್ಲಿ ಕೆಳಗೆ ನೋಡಿದಾಗ, ಮಕ್ಕಳುಮರಿ, ಹಾಸಿಗೆ ಪಾತ್ರೆಗಳ ಸಮೇತ ಹೀಗೆ ಹತ್ತಿದ ಕುಟುಂಬಗಳ ನೆನಪಾಗಿ ಇಬ್ಬರೂ ಮಾತು ನಿಲ್ಲಿಸಿದೆವು.

ಇಳಿದರೆ ಓಟ್ಮನ್. 1942ರಲ್ಲಿ ಯುದ್ಧದ ಕಾರಣಕ್ಕೆ ಸರ್ಕಾರ ಚಿನ್ನದ ಗಣಿಗಾರಿಕೆ ನಿಲ್ಲಿಸಿದ ಮೇಲೆ ಸೊರಗಿದ ಊರು. ಗಣಿಯವರು ಬಿಟ್ಟುಹೋದ ಕತ್ತೆಗಳ ಸಂತತಿ ಈಗ ಬೀದಿಯ ಒಡೆಯರು. ಒಂದು ನಮ್ಮ ಕಿಟಕಿಯೊಳಗೆ ಬೆಚ್ಚನೆಯ ಮೂಗು ತೂರಿಸಿ ಪತ್ನಿಯ ಅಂಗೈ ಮೂಸಿತು. ಮರಿಗಳ ಹಣೆಗೆ ಚೀಟಿ ಅಂಟಿಸಿದ್ದರೆ, ತಿನ್ನಲು ಕೊಡಬಾರದು ಎಂದರ್ಥ, ದಯವಿಟ್ಟು ಪಾಲಿಸಿ.

ಜೂನ್‌ನಿಂದ ಆಗಸ್ಟ್‌ವರೆಗಿನ ಬಿಸಿಲು ವಿಪರೀತ. ಮಾರ್ಚ್, ಏಪ್ರಿಲ್ ಅಥವಾ ಅಕ್ಟೋಬರ್ ಆರಿಸಿಕೊಳ್ಳಿ. ವೇಗಸ್‌ಗೆ ಹೋಗುವವರು ಮತ್ತೆ ಘಟ್ಟ ಹತ್ತಬೇಕಿಲ್ಲ, ಬೌಂಡರಿ ಕೋನ್ ರಸ್ತೆಯಲ್ಲಿ ಬುಲ್‌ಹೆಡ್ ಸಿಟಿ ಕಡೆಗೆ ಇಳಿದರೆ ಕೊಲರಾಡೊ ನದಿ ಸಿಗುತ್ತದೆ.