ಪಾಗಾರದ ಪಾಚಿಯಲ್ಲಿ ನೀರುಕರಡಿ

2025ರ ಜುಲೈ. ಶುಭಾಂಶು ಶುಕ್ಲಾ ಅಂತರಿಕ್ಷ ನಿಲ್ದಾಣದಿಂದ ಮರಳಿದ ವಾರ. ಬದಿಯಡ್ಕದ ಹತ್ತಿರದ ನಮ್ಮ ಕನ್ನಡ ಮಾಧ್ಯಮ ಶಾಲೆಯಲ್ಲಿ ಮಳೆಯ ಸದ್ದಿಗೆ ಪಾಠ ಕೇಳಿಸುತ್ತಿರಲಿಲ್ಲ. ಪುಸ್ತಕ ಮುಚ್ಚಿಸಿ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಲ್ಯಾಬಿಗೆ ಕರೆದೆ. ಮುರಕಲ್ಲಿನ ಪಾಗಾರದಿಂದ ಕಿತ್ತ ಪಾಚಿಯನ್ನು ಹಿಂದಿನ ದಿನವೇ ನೆನೆಹಾಕಿದ್ದೆವು. ಅದನ್ನು ಹಿಂಡಿ ಒಂದು ಹನಿಯನ್ನು ಸ್ಲೈಡಿಗೆ ಬಿಟ್ಟೆವು.

ಮೊದಲು ಬರೀ ಮಣ್ಣಿನ ಕಣ. ಆಮೇಲೆ ಮೈ ಬಳುಕಿಸುವ ದುಂಡುಹುಳು. ತುಂಬಾ ಹೊತ್ತು ಹುಡುಕಿದ ಮೇಲೆ ಒಬ್ಬ ಕೂಗಿದ, "ಟೀಚರ್, ಇದಕ್ಕೆ ಕಾಲು ಉಂಟು!" ನೀರುಕರಡಿ! ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದಷ್ಟು ಪುಟ್ಟ ಜೀವಿ (ಟಾರ್ಡಿಗ್ರೇಡ್). ನಾಲ್ಕು ಜೊತೆ ಮೊಂಡು ಕಾಲು, ತುದಿಯಲ್ಲಿ ಉಗುರು. ಪಾಚಿಯ ಎಳೆಯನ್ನು ಹಿಡಿಯುವುದು, ಬಿಡುವುದು, ಮತ್ತೆ ಹಿಡಿಯುವುದು.

ಇದರ ಬಳಗವೇ ಶುಕ್ಲಾ ಜೊತೆ ಮೇಲೆ ಹೋಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ (ಐಐಎಸ್‌ಸಿ) ಪ್ರಯೋಗ ಅದು. ಮೇಲೆ ಹೋದವುಗಳಲ್ಲಿ ಯಾವ ಜೀನ್ ಜಾಸ್ತಿ ಕೆಲಸ ಮಾಡಿತು, ಯಾವುದು ಕಡಿಮೆ ಅಂತ ಇಲ್ಲೇ ಉಳಿದವುಗಳ ಜೊತೆ ಹೋಲಿಸಿ ನೋಡುವುದು ಅವರ ಉದ್ದೇಶ.

ದುಂಡುಹುಳುವಿನ ಕಥೆ ಇನ್ನೂ ಹಳೆಯದು. ಸಿ. ಎಲಿಗನ್ಸ್ ಎಂಬ ಹುಳು ಒಂದೇ ಮಿಲಿಮೀಟರ್ ಉದ್ದ. ಆದರೂ ಅದರ ಸ್ನಾಯುವಿನ ಎಷ್ಟೋ ಜೀನ್‌ಗಳಿಗೂ ನಮ್ಮವಕ್ಕೂ ಹೋಲಿಕೆ ಉಂಟು. 2003ರಲ್ಲಿ ಕೊಲಂಬಿಯಾ ನೌಕೆ ಒಡೆದು ಕಲ್ಪನಾ ಚಾವ್ಲಾ ಸೇರಿ 7 ಮಂದಿ ತೀರಿಹೋದರು. ಅವಶೇಷದಲ್ಲಿ ಸಿಕ್ಕ ಡಬ್ಬಿಗಳಲ್ಲಿ ಈ ಹುಳುಗಳು ಜೀವಂತ ಇದ್ದವು. ಇದನ್ನು ಹೇಳುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ. 2004ರಲ್ಲಿ ನಿಲ್ದಾಣಕ್ಕೆ ಹೋಗಿಬಂದ ಹುಳುಗಳಲ್ಲಿ, ಸ್ನಾಯು ಎಳೆದು ಬಿಡಲು ಬೇಕಾದ ಮಯೋಸಿನ್ ಎಂಬ ಪ್ರೋಟೀನಿನ ಜೀನ್‌ಗಳ ಕೆಲಸ ತಗ್ಗಿದ್ದು ಕಂಡಿತು.

"ಹುಳಕ್ಕೆ ಅಲ್ಲಿ ವ್ಯಾಯಾಮ ಯಾರು ಮಾಡಿಸ್ತಾರೆ ಟೀಚರ್?" ಅಂತ ಒಬ್ಬ ಕೇಳಿದ. ಎಷ್ಟು ಒಳ್ಳೆಯ ಪ್ರಶ್ನೆ! ಗಗನಯಾತ್ರಿಗಳು ದಿನಕ್ಕೆ ಸುಮಾರು 2 ಗಂಟೆ ವ್ಯಾಯಾಮ ಮಾಡುತ್ತಾರೆ. ಹುಳಕ್ಕೆ ಅದಿಲ್ಲ. ಹಾಗಾಗಿ ಭಾರವಿಲ್ಲದ ಬದುಕು ಸ್ನಾಯುವಿಗೆ ಏನು ಮಾಡುತ್ತದೆ ಅನ್ನುವುದು ಅದರಲ್ಲಿ ನೇರವಾಗಿ ಕಾಣುತ್ತದೆ.

ಹಿಂದೆ ನಿಂತಿದ್ದ ಹುಡುಗಿ ಮೆಲ್ಲಗೆ ಮುಂದೆ ಬಂದಳು. "ನಮ್ಮ ಅಜ್ಜಿ ತೊಡೆ ಮೂಳೆ ಮುರಿದು ಮಲಗಿದಲ್ಲೇ ಇದ್ದಾರೆ. ಕಾಲು ಕಡ್ಡಿ ಹಾಗೆ ಆಗಿದೆ. ಇದೂ ಅದೇನಾ?"

ವಯಸ್ಸಿನ ಪಾಲೂ ಇರುತ್ತದೆ ಅಂದೆ. ಆದರೆ ಭಾರ ಹೊರದ ಸ್ನಾಯು ಸೊರಗುವುದು ಮಂಚದ ಮೇಲೂ ಹೌದು, ನಿಲ್ದಾಣದಲ್ಲೂ ಹೌದು.

"ಹಾಗಾದ್ರೆ ಅಜ್ಜಿಯನ್ನು ಎಬ್ಬಿಸಿ ನಡೆಸಬೇಕು, ಅಲ್ವಾ?"

"ಡಾಕ್ಟ್ರ ಹತ್ತಿರ ಕೇಳಿ, ಅವರು ಹೇಳಿದಷ್ಟು ನಡೆಸು," ಅಂದೆ.